ಲ್ಯಾಬ್ ದೂರದಲ್ಲಿದ್ದರೆ ಜಿಲ್ಲಾಸ್ಪತ್ರೆಯ ಜೆನೆಟಿಕ್ ಕೌನ್ಸೆಲರ್‌ಗೆ ಏನು ಕೆಲಸ?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನವಳು. ದಾವಣಗೆರೆಯಲ್ಲಿ ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಜೆನೆಟಿಕ್ ಕೌನ್ಸೆಲರ್ (ವಂಶಪಾರಂಪರ್ಯ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವವರು) ಆಗಿ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ದುಡಿಯಬೇಕೆಂಬ ಆಸೆ. ಆದರೆ ಜೀನ್ ಪರೀಕ್ಷೆಗೆಲ್ಲ ಬೆಂಗಳೂರಿಗೇ ಕಳಿಸಬೇಕು, ಇಲ್ಲಿ ಕೂತು ಏನು ಮಾಡುತ್ತೀಯ ಎನ್ನುತ್ತಾರೆ. ನಿಜವಾಗಿ ಆ ಕೆಲಸದಲ್ಲಿ ಏನಿರುತ್ತದೆ? ಏನು ಕಲಿತಿರಬೇಕು?

ಉತ್ತರ: ಪರೀಕ್ಷೆ ಎಲ್ಲಿ ನಡೆದರೂ ನಡೆಯುತ್ತದೆ. ಆದರೆ ಕಾಯಿಲೆ ಬಿದ್ದ ಮಗು ಮೊದಲು ಬರುವುದು ನಿಮ್ಮ ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡಿಗೆ. ಆ ಮಗುವಿನ ಕಾಯಿಲೆಗೆ ಸರಿಯಾದ ಹೆಸರು ಸಿಗುವಂತೆ ಮಾಡುವುದು, ಅದೂ ತಾಯಿ ಮತ್ತೆ ಬಸುರಿಯಾಗುವ ಮೊದಲೇ ಆಗುವಂತೆ ನೋಡಿಕೊಳ್ಳುವುದು, ಇದೇ ಜಿಲ್ಲೆಯ ಕೌನ್ಸೆಲರ್‌ನ ಮುಖ್ಯ ಕೆಲಸ. ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಂಡೇ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಜಗಳೂರು ಕಡೆಯ ತಾಯಿಯೊಬ್ಬರು 16 ವಾರದ ಬಸುರಿಯಾಗಿ ಬರುತ್ತಾರೆ ಎಂದುಕೊಳ್ಳಿ. ಮೊದಲ ಮಗು ಎಂಟನೇ ತಿಂಗಳಲ್ಲಿ ತೀರಿಕೊಂಡಿದೆ. ಕೈಕಾಲು ಮೆತ್ತಗಿದ್ದವು, ಕತ್ತು ನಿಂತಿರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ‘ನ್ಯುಮೋನಿಯಾ’ ಎಂದಷ್ಟೇ ಇದೆ. ಸ್ನಾಯುಗಳು ಸೊರಗುವ ವಂಶಪಾರಂಪರ್ಯ ಕಾಯಿಲೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಅಂದರೆ ಎಸ್‌ಎಂಎ ಇರಬಹುದೆಂದು ಊಹಿಸಿ ಗಂಡಹೆಂಡತಿ ಇಬ್ಬರ ರಕ್ತವನ್ನೂ ಎಸ್‌ಎಂಎನ್1 ಜೀನ್ ಪರೀಕ್ಷೆಗೆ ಕಳಿಸಿದರೆ ವರದಿಗೆ ಎರಡು ಮೂರು ವಾರ. ಆಗಲೇ 19 ವಾರ ಆಯಿತು. ಇಬ್ಬರೂ ವಾಹಕರೆಂದು (ತಮಗೆ ಕಾಯಿಲೆಯಿಲ್ಲದಿದ್ದರೂ ಕೆಟ್ಟ ಜೀನ್‌ನ ಒಂದು ಪ್ರತಿ ಹೊತ್ತವರೆಂದು) ಬಂದರೆ, ಗರ್ಭದ ನೀರು ತೆಗೆದು ನೋಡುವ ಆಮ್ನಿಯೊಸೆಂಟೆಸಿಸ್ ಮಾಡಿಸಿ ಉತ್ತರ ಸಿಗುವಾಗ 21 ದಾಟಿರುತ್ತದೆ. ವಾಹಕರಲ್ಲ ಎಂದು ಬಂದರೆ ಊಹೆಯೇ ತಪ್ಪಿದಂತೆ. ಹೆಚ್ಚುಕಡಿಮೆ ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ಓದುವ ಎಕ್ಸೋಮ್ ಪರೀಕ್ಷೆಗೆ ಮತ್ತೆ ನಾಲ್ಕರಿಂದ ಆರು ವಾರ ಬೇಕು. ಅದಾದ ಮೇಲೆ ಆಮ್ನಿಯೊ ಎನ್ನುವಷ್ಟರಲ್ಲಿ, ಗರ್ಭಪಾತಕ್ಕೆ ಕಾನೂನಿನ ಸಾಮಾನ್ಯ ಗಡಿಯಾದ 24 ವಾರ ಕಳೆದುಹೋಗುತ್ತದೆ. ಅದೇ ಮೊದಲ ಮಗು ಬದುಕಿದ್ದಾಗ 2 ಮಿ.ಲೀ. ರಕ್ತ ತೆಗೆದು ಕಳಿಸಿದ್ದರೆ? ಈ ಬಸುರಿಗೆ 11-12ನೇ ವಾರದಲ್ಲೇ ಮಾಸಿನಿಂದ ಕೋರಿಯಾನಿಕ್ ವಿಲ್ಲಸ್ ಮಾದರಿ ತೆಗೆದು 14ರ ಹೊತ್ತಿಗೆ ಹೌದು ಅಥವಾ ಅಲ್ಲ ಎಂದು ಹೇಳಿಬಿಡಬಹುದಿತ್ತು.

ಆದ್ದರಿಂದ ಮೊದಲು ಕಲಿಯಬೇಕಾದದ್ದು ಮಾದರಿ ಉಳಿಸುವುದನ್ನು. ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2ರಿಂದ 3 ಮಿ.ಲೀ. ರಕ್ತ ಸಾಕು. ಮಗುವಿನ ಸ್ಥಿತಿ ಗಂಭೀರವಾಗಿದ್ದರೆ ಎರಡು ಟ್ಯೂಬ್ ತೆಗೆದಿಡಿ. ತೆಗೆದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ನಿಧಾನವಾಗಿ ಮೇಲೆ ಕೆಳಗೆ ಮಾಡಬೇಕು. ಜೋರಾಗಿ ಕುಲುಕಬಾರದು. 2ರಿಂದ 8 ಡಿಗ್ರಿ ತಂಪಿನಲ್ಲಿ ಕೆಲವು ದಿನ ಕೆಡದೆ ಇರುತ್ತದೆ. ವರ್ಣತಂತುಗಳನ್ನು ನೋಡುವ ಕ್ಯಾರಿಯೋಟೈಪ್‌ಗೆ ಮಾತ್ರ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬೇ ಆಗಬೇಕು, ಏಕೆಂದರೆ ಅಲ್ಲಿ ಬಿಳಿರಕ್ತಕಣಗಳನ್ನು ಸುಮಾರು 72 ಗಂಟೆ ಬೆಳೆಸುತ್ತಾರೆ. ಕಣಗಳು ಜೀವಂತ ತಲುಪಬೇಕು. ಇಡಿಟಿಎಯಲ್ಲಿ ಕಳಿಸಿದರೆ ಕಣ ಸರಿಯಾಗಿ ಬೆಳೆಯುವುದಿಲ್ಲ. ಹೆಪಾರಿನ್‌ನಲ್ಲಿ ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ಹಂತ) ಕೆಡುತ್ತದೆ. ಈ ಅದಲುಬದಲು ಬಹಳ ಸಾಮಾನ್ಯ. ಪರೀಕ್ಷೆಯ ಹಣ ಮಾತ್ರವಲ್ಲ, ಮೂರು ವಾರವೂ ಹಾಳು.

ಹೆಪಾರಿನ್ ಟ್ಯೂಬ್ 24ರಿಂದ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ರಾತ್ರಿ ಹೊರಟ ಪಾರ್ಸೆಲ್ ಬೆಳಿಗ್ಗೆಗೆ ಇರುತ್ತದೆ. ದೂರ ಇಲ್ಲಿ ತೊಂದರೆಯೇ ಅಲ್ಲ, ವಾರ ತೊಂದರೆ. ಶನಿವಾರ ಸಂಜೆ ಕಳಿಸಿದ್ದು ಭಾನುವಾರ ಮುಚ್ಚಿದ ಬಾಗಿಲ ಮುಂದೆ ಕೂರುತ್ತದೆ. ಸೋಮವಾರದಿಂದ ಬುಧವಾರದೊಳಗೆ ರಕ್ತ ತೆಗೆಯುವ ರೂಢಿ ಮಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಥರ್ಮೋಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಇಡಿ, ಆದರೆ ಟ್ಯೂಬಿಗೆ ನೇರ ತಾಗದಂತೆ ನಡುವೆ ಬಟ್ಟೆ ಅಥವಾ ಹತ್ತಿ ಇರಲಿ. ಮಂಜುಗಟ್ಟಿದರೆ ರಕ್ತಕಣ ಒಡೆದುಹೋಗುತ್ತದೆ.

ಮಗು ಉಳಿಯುವುದಿಲ್ಲ ಎಂದು ಗೊತ್ತಾದ ಹೊತ್ತಿನಲ್ಲಿ ರಕ್ತ ಕೇಳುವುದು ಕಷ್ಟ. ಆದರೂ ಕೇಳಬೇಕು, ತಾಯ್ತಂದೆಯ ಒಪ್ಪಿಗೆ ಪಡೆದೇ ತೆಗೆಯಬೇಕು. ‘ಈ ಮಗುವಿಗೆ ಇದರಿಂದ ಪ್ರಯೋಜನವಾಗದೇ ಇರಬಹುದು. ಯಾಕೆ ಹೀಗಾಯಿತು ಅಂತ ನಿಮಗೆ ಮುಂದೆ ಉತ್ತರ ಬೇಕಾದರೆ ಇದೊಂದೇ ದಾರಿ’ ಎಂದು ನೇರವಾಗಿ ಹೇಳಿ. ಸತ್ತು ಹುಟ್ಟಿದ ಮಗುವಾದರೆ ಹೊಕ್ಕುಳಬಳ್ಳಿಯ ರಕ್ತ, ಇಲ್ಲವೇ ಮಾಸಿನ ಒಂದು ಚೂರನ್ನು ಸಲೈನ್‌ನಲ್ಲಿ ತೊಳೆದು ಸ್ಟೆರೈಲ್ ಸಲೈನ್‌ನಲ್ಲೇ ಇಡಬೇಕು. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಹಾಳಾಗುತ್ತದೆ, ಕಣಗಳೂ ಬೆಳೆಯುವುದಿಲ್ಲ. ಹೆರಿಗೆ ಕೋಣೆಯ ಸಿಸ್ಟರ್‌ಗಳಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು, ಪಾಳಿ ಬದಲಾದಂತೆಲ್ಲ ಹೇಳುತ್ತಿರಬೇಕು. ಮಗುವಿನ ಮುಖ, ಕೈ, ಕಾಲು, ಬೆನ್ನಿನ ಫೋಟೊ ಮತ್ತು ಇಡೀ ದೇಹದ ಒಂದು ಎಕ್ಸ್‌ರೇ ಕೂಡ ತೆಗೆಸಿಡಿ. ಮೂಳೆಯ ಎಷ್ಟೋ ಕಾಯಿಲೆಗಳು ಎಕ್ಸ್‌ರೇಯಲ್ಲೇ ಹೆಸರು ಹೇಳುತ್ತವೆ.

ಲೇಬಲ್ ಬಗ್ಗೆ ಒಂದು ಮಾತು. ವಾರ್ಡಿನಲ್ಲಿ ಮಗುವಿಗೆ ಹೆಸರಿರುವುದಿಲ್ಲ, ‘ಬೇಬಿ ಆಫ್ ಲಕ್ಷ್ಮಿ’ ಎಂದು ಬರೆದಿರುತ್ತಾರೆ. ಅದೇ ದಿನ ಇನ್ನೊಬ್ಬ ಲಕ್ಷ್ಮಿ ಇರುತ್ತಾರೆ. ಇದಲ್ಲದೆ ತಾಯಿಯ ರಕ್ತವೋ ಮಗುವಿನ ರಕ್ತವೋ ಎಂಬ ಗೊಂದಲ ಬೇರೆ. ಐಪಿ (ಒಳರೋಗಿ) ನಂಬರ್, ತೆಗೆದ ದಿನಾಂಕ, ‘ಮಗು’ ಅಥವಾ ‘ತಾಯಿ’ ಎಂಬ ಪದ, ಈ ಮೂರೂ ಟ್ಯೂಬಿನ ಮೇಲೇ ಇರಬೇಕು. ಇನ್ನೊಂದು: ಮಗುವಿಗೆ ರಕ್ತ ಹಾಕಿದ್ದರೆ ಹಿಮೊಗ್ಲೋಬಿನ್ ಪರೀಕ್ಷೆಯಲ್ಲಿ ಕಾಣುವುದು ದಾನಿಯ ರಕ್ತ. ಮೂರು ತಿಂಗಳು ಕಾಯಿರಿ, ಇಲ್ಲವೇ ತಾಯ್ತಂದೆಯರನ್ನು ಪರೀಕ್ಷಿಸಿ.

ಈಗ ವಂಶವೃಕ್ಷ. ಪುಸ್ತಕದಲ್ಲಿ ಚೌಕ ಗಂಡು, ವೃತ್ತ ಹೆಣ್ಣು, ಕಾಯಿಲೆಯಿದ್ದವರಿಗೆ ಕಪ್ಪು ತುಂಬುವುದು, ರಕ್ತಸಂಬಂಧದ ಮದುವೆಗೆ ಜೋಡಿಗೆರೆ, ಕಡಿಮೆಯೆಂದರೆ ಮೂರು ತಲೆಮಾರು ಎಂದಿರುತ್ತದೆ. ಅದು ಒಂದು ದಿನದ ಕಲಿಕೆ. ನಮ್ಮ ಸೀಮೆಯಲ್ಲಿ ಕಷ್ಟವಾಗುವುದು ಪ್ರಶ್ನೆ ಕೇಳುವುದು. ‘ಸಂಬಂಧದಲ್ಲಿ ಮದುವೆಯಾ?’ ಎಂದರೆ ‘ಇಲ್ಲ, ಹೊರಗಿನ ಸಂಬಂಧ’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ, ಬೆಡಗು (ಕುಲದೊಳಗಿನ ಕವಲು) ಬೇರೆ ಇರುತ್ತದೆ. ಬೆಡಗು, ಗೋತ್ರ ತಂದೆಯ ಕಡೆಯಿಂದ ಮಾತ್ರ ಸಾಗಿ ಬರುವಂಥವು. ಸೋದರಮಾವನಿಗೂ ಅಕ್ಕನ ಮಗಳಿಗೂ ಬೆಡಗು ಬೇರೆಯೇ, ಆದರೆ ಇಬ್ಬರ ಜೀನ್‌ಗಳಲ್ಲಿ ಸರಾಸರಿ ಕಾಲು ಪಾಲು ಒಂದೇ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಪಾಲು. ಇದನ್ನು ಜನರಿಗೆ ಅವರ ಪದಗಳಲ್ಲೇ ಹೇಳಬೇಕು.

ಅದಕ್ಕೇ ನೇರ ಪ್ರಶ್ನೆಗಿಂತ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ: ‘ಮದುವೆಗೆ ಮುಂಚೆ ನಿಮ್ಮ ಯಜಮಾನರನ್ನ ಏನಂತ ಕರೀತಿದ್ರಿ?’ ಮಾವ ಅಂದರೆ ಒಂದು ದಾರಿ, ಭಾವ ಅಂದರೆ ಇನ್ನೊಂದು ದಾರಿ ತೆರೆಯುತ್ತದೆ. ಆಮೇಲೆ ಇಬ್ಬರ ತಾಯಂದಿರ ತವರೂರು ಕೇಳಿ. ಎರಡೂ ಒಂದೇ ಸಣ್ಣ ಹಳ್ಳಿಯಾಗಿದ್ದರೆ, ಸಂಬಂಧ ಗೊತ್ತಿಲ್ಲದಿದ್ದರೂ ನಾಲ್ಕೈದು ತಲೆಮಾರಿನ ಹಿಂದೆ ಒಬ್ಬರೇ ಹಿರಿಯರು ಇರಬಹುದು. ‘ಅತ್ತೆ’ ಎಂದಾಗ ನಿಂತು ಕೇಳಿ, ಗಂಡನ ತಾಯಿಯೋ, ತಂದೆಯ ತಂಗಿಯೋ, ಇಬ್ಬರೂ ಒಬ್ಬರೇಯೋ? ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಹುಡುಗಿಯ ಅಜ್ಜಿಯೇ ಅತ್ತೆ. ಕೊಟ್ಟು ತಂದ ಸಂಬಂಧವಿದ್ದರೆ ಗೆರೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಒಂದೇ ಹಾಳೆಯಲ್ಲಿ ಎರಡು ಸಲ ಬರೆದು ಸರಿಮಾಡಬೇಕಾಗುತ್ತದೆ. ‘ಎಷ್ಟು ಮಕ್ಕಳು?’ ಎಂದರೆ ಬದುಕಿರುವವರನ್ನಷ್ಟೇ ಎಣಿಸುತ್ತಾರೆ. ಹುಟ್ಟಿ ಹೋದವು, ಹೊಟ್ಟೆಯಲ್ಲಿ ನಿಲ್ಲದ್ದು, ಮಾತು ಬಾರದ್ದು ಎಂದು ಒಂದೊಂದಾಗಿ ಕೇಳಬೇಕು. ಅಜ್ಜಿಯನ್ನು ಜೊತೆಗೆ ಕೂರಿಸಿಕೊಂಡರೆ ಅರ್ಧ ವಂಶವೃಕ್ಷ ಅವರೇ ಹೇಳುತ್ತಾರೆ. ಬಸುರಿಯೊಬ್ಬಳನ್ನೇ ಕೇಳಬೇಕಾದ ಪ್ರಶ್ನೆಗಳೂ ಇರುತ್ತವೆ, ಅದಕ್ಕೆ ಅಜ್ಜಿಯನ್ನು ಹೊರಗೆ ಕಳಿಸುವ ನೆಪವೂ ಬೇಕು. ಇದಕ್ಕೆಲ್ಲ ಬಾಗಿಲು ಹಾಕಬಹುದಾದ ಒಂದು ಕೋಣೆ, ಮುಕ್ಕಾಲು ಗಂಟೆ ಸಮಯ ಬೇಕು. ಬೆಳಗಿನ ಓಪಿಡಿ ಗದ್ದಲದಲ್ಲಿ ಆಗುವುದಿಲ್ಲ, ಮಧ್ಯಾಹ್ನಕ್ಕೆ ಕರೆಯಿರಿ.

ರಕ್ತಸಂಬಂಧದ ಮದುವೆಯಾದವರನ್ನು ಹೆದರಿಸಬೇಡಿ. ಯಾವುದೇ ದಂಪತಿಗೂ ಮಗುವಿನಲ್ಲಿ ಹುಟ್ಟು ದೋಷದ ಸಾಧ್ಯತೆ ನೂರಕ್ಕೆ ಎರಡು ಮೂರು. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ, ಸೋದರಮಾವನ ಮದುವೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಂದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ತಾಯಿ ತಂದೆ ಇಬ್ಬರೂ ವಾಹಕರಾದಾಗ ಬರುವಂಥ ಕಾಯಿಲೆ ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಬಂದಿದ್ದರೆ ಮಾತ್ರ ಲೆಕ್ಕ ಪೂರ್ತಿ ಬೇರೆ. ಆಗ ಶೇ. 25.

ಈ ಶೇ. 25ನ್ನು ತಪ್ಪು ತಿಳಿಯುವವರೇ ಹೆಚ್ಚು. ‘ನಾಲ್ಕರಲ್ಲಿ ಒಂದು’ ಎಂದರೆ ‘ಮೊದಲನೆಯದಕ್ಕೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ. ಎರಡು ಡಬ್ಬಿ ಇಟ್ಟುಕೊಳ್ಳಿ, ಒಂದು ತಂದೆಯದು, ಒಂದು ತಾಯಿಯದು. ಪ್ರತಿಯೊಂದರಲ್ಲೂ ಒಂದು ಬಿಳಿ, ಒಂದು ಕೆಂಪು ಚೀಟಿ. ತಾಯ್ತಂದೆಯರೇ ಕಣ್ಣುಮುಚ್ಚಿ ಒಂದೊಂದು ಎತ್ತಲಿ. ಎರಡೂ ಕೆಂಪು ಬಂದರೆ ಕಾಯಿಲೆ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿಸುವುದೇ ಇಲ್ಲಿಯ ಪಾಠ. ಪ್ರತಿ ಬಸುರಿಗೂ ಡಬ್ಬಿ ಮೊದಲಿನಂತೆಯೇ ತುಂಬಿರುತ್ತದೆ. ಹಿರಿಯರಿಗೆ ‘ಪ್ರತಿ ಸಲವೂ ರೂಪಾಯಿಗೆ ನಾಲ್ಕಾಣೆ’ ಎಂದರೆ ಥಟ್ಟನೆ ಹೊಳೆಯುತ್ತದೆ. ಇಬ್ಬರ ಡಬ್ಬಿಯಲ್ಲೂ ಕೆಂಪು ಚೀಟಿ ಇರುವುದು ಕಣ್ಣಿಗೆ ಕಾಣುವುದರಿಂದ, ‘ಸೊಸೆಯ ಕಡೆಯಿಂದ ಬಂತು’ ಎಂಬ ಮಾತಿಗೂ ಅಲ್ಲೇ ತಡೆ ಬೀಳುತ್ತದೆ.

ತಾಯಂದಿರ ತಲೆಯ ಮೇಲಿನ ಈ ಅಪರಾಧದ ಹೊರೆ ಇಳಿಸುವುದು ವರದಿ ಓದಿ ಹೇಳುವಷ್ಟೇ ಮುಖ್ಯ. ಸೀಳುತುಟಿಯ ಮಗು ಹುಟ್ಟಿದರೆ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ತರಕಾರಿ ಹೆಚ್ಚಿದಳು ಎನ್ನುತ್ತಾರೆ. ಅವಳು ಕೇಳದಿದ್ದರೂ ನೀವಾಗಿ ಹೇಳಿ, ಅತ್ತೆಯ ಎದುರಿಗೇ ಹೇಳಿ: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಮಾಡಬಹುದಾದದ್ದು ಒಂದಿದೆ: ಮುಂದಿನ ಬಸುರಿಗೆ ಕಡಿಮೆಯೆಂದರೆ ಒಂದು ತಿಂಗಳು ಮುಂಚಿನಿಂದ 12ನೇ ವಾರದವರೆಗೆ, ವೈದ್ಯರು ಬರೆದುಕೊಟ್ಟಂತೆ, ದಿನಕ್ಕೆ 5 ಮಿ.ಗ್ರಾಂ. ಫೋಲಿಕ್ ಆಮ್ಲ. ಮುಟ್ಟು ತಪ್ಪಿದ ಮೇಲೆ ಶುರುಮಾಡಿದರೆ ತಡವಾಗಿರುತ್ತದೆ, ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನದೊಳಗೇ ಮುಚ್ಚಿಕೊಳ್ಳುತ್ತದೆ.

ಡೌನ್ ಸಿಂಡ್ರೋಮ್ ಬಗ್ಗೆ, ‘ಮುಖ ನೋಡಿದರೇ ಗೊತ್ತಾಗುತ್ತದಲ್ಲ, ಕ್ಯಾರಿಯೋಟೈಪ್ ಯಾಕೆ?’ ಎಂದು ವೈದ್ಯರೇ ಕೇಳುವುದುಂಟು. ಮಗುವಿನ ಚಿಕಿತ್ಸೆಗೆ ಅದು ಬೇಕಾಗಿಲ್ಲದಿರಬಹುದು, ಮುಂದಿನ ಮಗುವಿಗೆ ಬೇಕು. ನೂರಕ್ಕೆ ಸುಮಾರು 95ರಲ್ಲಿ 21ನೇ ವರ್ಣತಂತು ಬಿಡಿಯಾಗಿ ಒಂದು ಹೆಚ್ಚಿರುತ್ತದೆ, ಆಗ ಮತ್ತೆ ಬರುವ ಸಾಧ್ಯತೆ ತಾಯಿ ಚಿಕ್ಕ ವಯಸ್ಸಿನವರಾದರೆ ನೂರಕ್ಕೆ ಒಂದು. ಮೂರು ನಾಲ್ಕರಲ್ಲಿ ಅದು ಇನ್ನೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಆಗ ತಾಯ್ತಂದೆಯರ ಕ್ಯಾರಿಯೋಟೈಪ್ ಕಡ್ಡಾಯ. ತಾಯಿ 14-21 ವಾಹಕಿಯಾಗಿದ್ದರೆ (21ನೆಯದು 14ಕ್ಕೆ ಅಂಟಿದ್ದರೆ) ಮತ್ತೆ ಬರುವುದು ನೂರಕ್ಕೆ 10ರಿಂದ 15, ತಂದೆಯಾದರೆ ಅದಕ್ಕಿಂತ ಬಹಳ ಕಡಿಮೆ. ಇಬ್ಬರಲ್ಲಿ ಒಬ್ಬರಿಗೆ 21-21 ಇದ್ದರೆ (ಎರಡು 21ಗಳೇ ಒಂದಕ್ಕೊಂದು ಅಂಟಿದ್ದರೆ) ಹುಟ್ಟುವ ಪ್ರತಿ ಮಗುವಿಗೂ ಡೌನ್ ಸಿಂಡ್ರೋಮ್. ನೋಡಲು ಒಂದೇ ಥರದ ಮಕ್ಕಳು, ಮುಂದಿನ ಲೆಕ್ಕದಲ್ಲಿ ಒಂದರಿಂದ ನೂರರವರೆಗೆ ವ್ಯತ್ಯಾಸ.

ಕುಸುಮರೋಗದ (ರಕ್ತ ಹೆಪ್ಪುಗಟ್ಟದ ಕಾಯಿಲೆ, ಹಿಮೋಫಿಲಿಯಾ) ವಿಷಯದಲ್ಲಿ ನೀವು ಒಳ್ಳೆಯ ಸೀಮೆಯಲ್ಲಿದ್ದೀರಿ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯದೇ. ಈ ಕಾಯಿಲೆ ಗಂಡುಮಕ್ಕಳಿಗೆ ತಾಯಿಯ ಮೂಲಕ ಬರುವುದರಿಂದ ಇಲ್ಲಿ ವಂಶವೃಕ್ಷ ತಾಯಿಯ ಕಡೆಗೆ ಬೆಳೆಯಬೇಕು: ಅವರ ಅಕ್ಕತಂಗಿಯರು, ಅವರ ಗಂಡುಮಕ್ಕಳು, ಸೋದರಮಾವಂದಿರು. ಸುಮಾರು ಮೂರನೇ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಬದಲಾವಣೆ ಹೊಸದಾಗಿ ಆಗಿರುತ್ತದೆ. ಹೆಣ್ಣಿನ ರಕ್ತ ಹೆಪ್ಪುಗಟ್ಟಿಸುವ ಅಂಶವಾದ ಫ್ಯಾಕ್ಟರ್ 8ರ ಮಟ್ಟ ನೋಡಿ ಆಕೆ ವಾಹಕಿಯಲ್ಲ ಎಂದು ಎಂದೂ ಹೇಳಬೇಡಿ, ಬಹಳ ವಾಹಕಿಯರಲ್ಲಿ ಅದು ಸರಿಯಾಗಿಯೇ ಇರುತ್ತದೆ, ಬಸುರಿಯಲ್ಲಿ ಏರುತ್ತದೆ ಕೂಡ. ಆದರೂ ಮಟ್ಟ ಅಳೆಯುವುದು ಬೇಕು: ಕಡಿಮೆಯಿದ್ದರೆ ಹೆರಿಗೆಯಲ್ಲಿ, ಹಲ್ಲು ಕೀಳಿಸುವಾಗ ಆಕೆಗೇ ರಕ್ತಸ್ರಾವವಾಗಬಹುದು. ವಾಹಕಿಯ ತಾಯಿ ಕಾರ್ಡಿನಲ್ಲಿ ‘ವ್ಯಾಕ್ಯೂಮ್, ಫೋರ್ಸೆಪ್ಸ್ ಬೇಡ, ಮಗುವಿನ ಹೊಕ್ಕುಳಬಳ್ಳಿ ರಕ್ತ ಫ್ಯಾಕ್ಟರ್ ಪರೀಕ್ಷೆಗೆ, ಸ್ನಾಯುವಿಗೆ ಚುಚ್ಚುವ ಮುನ್ನ ಮಕ್ಕಳ ವೈದ್ಯರಿಗೆ ತಿಳಿಸಿ’ ಎಂಬ ಸಾಲು ಹೆರಿಗೆಗೆ ಮುಂಚೆಯೇ ಇರಬೇಕು. ಅದನ್ನು ಬರೆಯುವಂತೆ ವೈದ್ಯರನ್ನು ಬೆನ್ನುಹತ್ತುವುದು ನಿಮ್ಮ ಪಾಲು.

ಥಲಸ್ಸೀಮಿಯಾಕ್ಕೆ ಮೊದಲ ಸುಳಿವು ಮಾಮೂಲಿ ರಕ್ತಪರೀಕ್ಷೆಯಲ್ಲೇ ಇರುತ್ತದೆ. ಎಂಸಿವಿ (ಕೆಂಪುಕಣದ ಗಾತ್ರ) 80ಕ್ಕಿಂತ, ಎಂಸಿಎಚ್ (ಕಣದೊಳಗಿನ ಹಿಮೊಗ್ಲೋಬಿನ್) 27ಕ್ಕಿಂತ ಕಡಿಮೆ ಇದ್ದವರಿಗೆ, ಹಿಮೊಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿ. ಹಿಮೊಗ್ಲೋಬಿನ್ ಎ2 ಶೇ. 4 ದಾಟಿದ್ದರೆ ವಾಹಕರು. 3.5ರ ಆಚೀಚೆ ಇದ್ದರೆ ಎಚ್ಚರ: ಕಬ್ಬಿಣದ ಕೊರತೆ ಈ ಅಂಕಿಯನ್ನು ತಗ್ಗಿಸುತ್ತದೆ, ಕೊರತೆ ನಮ್ಮ ಬಸುರಿಯರಲ್ಲಿ ಸಾಮಾನ್ಯ. ಬಸುರಿಯಾಗಿದ್ದರೆ ಕಬ್ಬಿಣದ ಮಾತ್ರೆ ಮುಗಿಯಲಿ ಎಂದು ಕಾಯಬೇಡಿ, ಅದೇ ವಾರ ಗಂಡನ ರಕ್ತ ತೆಗೆಯಿರಿ. ಆತ ವಾಹಕನಲ್ಲದಿದ್ದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಕಾನೂನು ಗೊತ್ತಿಲ್ಲದೆ ಈ ಕುರ್ಚಿಯಲ್ಲಿ ಕೂರಬೇಡಿ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರಕ್ಕೂ ನೋಂದಣಿ ಬೇಕು. ಅದರ ದಾಖಲೆ ಫಾರ್ಮ್ ಡಿ. ಆಮ್ನಿಯೊ, ವಿಲ್ಲಸ್ ಪರೀಕ್ಷೆಗೆ ತಾಯಿಯ ಒಪ್ಪಿಗೆ ಫಾರ್ಮ್ ಜಿ, ಅದು ಅವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ದಾಖಲೆಗಳನ್ನು ಎರಡು ವರ್ಷ ಇಡಬೇಕು. ಕುಸುಮರೋಗದಂಥ ಲಿಂಗಸಂಬಂಧಿ ಕಾಯಿಲೆಗೆ ಗರ್ಭದಲ್ಲೇ ಪರೀಕ್ಷೆ ಮಾಡಲು ಅವಕಾಶವಿದೆ, ಆದರೆ ನಿಮ್ಮ ಬಾಯಿಂದ ಬರಬೇಕಾದದ್ದು ‘ಕಾಯಿಲೆ ಇದೆ’ ಅಥವಾ ‘ಇಲ್ಲ’ ಎಂಬುದಷ್ಟೇ, ಗಂಡೋ ಹೆಣ್ಣೋ ಎಂಬುದಲ್ಲ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರು, ಭ್ರೂಣದ ದೋಷವೂ ಸೇರಿದಂತೆ ಕೆಲವು ಕಾರಣಗಳಿಗೆ 24ರವರೆಗೆ ಇಬ್ಬರು, ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ. ಮಂಡಳಿ ಮೂರು ದಿನದಲ್ಲಿ ಅಭಿಪ್ರಾಯ ಹೇಳಬೇಕು. ತೆಗೆಸಿ ಎಂದಾಗಲಿ, ಉಳಿಸಿಕೊಳ್ಳಿ ಎಂದಾಗಲಿ ಹೇಳುವ ಹಕ್ಕು ನಿಮಗಿಲ್ಲ. ‘ನೀವೇ ಹೇಳಿ ಮೇಡಂ, ನಿಮ್ಮ ಮನೆಯವರಾಗಿದ್ದರೆ ಏನು ಮಾಡ್ತಿದ್ರಿ?’ ಎಂದು ಖಂಡಿತ ಕೇಳುತ್ತಾರೆ. ಆಗ ಎರಡೂ ದಾರಿಯಲ್ಲಿ ಮುಂದೇನಾಗುತ್ತದೆ ಎಂದು ಇನ್ನೊಮ್ಮೆ ನಿಧಾನವಾಗಿ ಹೇಳಿ. ಆರ್‌ಎಚ್ ನೆಗೆಟಿವ್ ತಾಯಿಗೆ ಆಮ್ನಿಯೊ ಆದ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಸಿಕ್ಕಿತೇ ಎಂಬುದನ್ನೂ ನೀವೇ ವಿಚಾರಿಸಿ, ಬೆಂಗಳೂರಿಗೂ ಊರಿಗೂ ನಡುವೆ ಅದು ತಪ್ಪಿಹೋಗುತ್ತದೆ.

ಗುಟ್ಟಿನ ವಿಷಯ ಹಳ್ಳಿಯಲ್ಲಿ ನಗರಕ್ಕಿಂತ ಕಠಿಣ. ಆಶಾ ಕಾರ್ಯಕರ್ತೆ ಅದೇ ಊರಿನವರು, ಕೆಲವೊಮ್ಮೆ ಅದೇ ಮನೆತನದವರು. ಅವರ ಮೂಲಕ ಕಳಿಸುವ ಸುದ್ದಿ ‘ಬುಧವಾರ ಬರಲು ಹೇಳಿ’ ಎಂಬಷ್ಟೇ ಇರಲಿ. ಮದುವೆಯಾಗದ ತಂಗಿ ವಾಹಕಿ ಎಂಬುದು ಅವಳಿಗೆ ಸೇರಿದ ಮಾತು. 18 ತುಂಬದ ಹುಡುಗಿಯನ್ನು ಬರೀ ವಾಹಕಿಯೋ ಎಂದು ತಿಳಿಯಲು ಪರೀಕ್ಷಿಸಬಾರದು.

ಇನ್ನು ನೌಕರಿ. ಜಿಲ್ಲಾಸ್ಪತ್ರೆಯಲ್ಲಿ ಈ ಹೆಸರಿನ ಖಾಲಿ ಹುದ್ದೆ ಕಾಯುತ್ತಿರುತ್ತದೆ ಎಂದುಕೊಳ್ಳಬೇಡಿ. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಕ್ಕಳ ವೈದ್ಯರು, ಫಿಸಿಯೊಥೆರಪಿಸ್ಟ್, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತರು ಇರುತ್ತಾರೆ, ಜೆನೆಟಿಕ್ ಕೌನ್ಸೆಲರ್ ಆ ಪಟ್ಟಿಯಲ್ಲಿಲ್ಲ. ಆದರೆ ನಿಮ್ಮ ಮಕ್ಕಳೆಲ್ಲ ಬರುವುದು ಅಲ್ಲಿಗೇ. ಆ ಕೇಂದ್ರ, ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗ, ಹಿಮೊಗ್ಲೋಬಿನ್ ಕಾಯಿಲೆಗಳ ಕಾರ್ಯಕ್ರಮ, ಇವುಗಳಲ್ಲಿ ಯಾವುದಾದರೊಂದರ ಮೂಲಕ ಒಳಗೆ ಬರಬೇಕು. ಅದಕ್ಕೆ ಮುಂಚೆ ತರಬೇತಿ ಬೇಕೇ ಬೇಕು, ಬರೀ ಎಂ.ಎಸ್ಸಿ. ಸಾಲದು. ಮಣಿಪಾಲದಲ್ಲಿ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲೇ ಎಂ.ಎಸ್ಸಿ. ಇದೆ. ಬೋರ್ಡ್ ಆಫ್ ಜೆನೆಟಿಕ್ ಕೌನ್ಸೆಲಿಂಗ್, ಇಂಡಿಯಾ ಪ್ರಮಾಣಪತ್ರ ಕೊಡುತ್ತದೆ. ಕಾಯ್ದೆಯ ವ್ಯಾಖ್ಯಾನದಲ್ಲಿ, ಜೀವವಿಜ್ಞಾನದ ಸ್ನಾತಕೋತ್ತರ ಪದವಿಯ ನಂತರ ಆ ಕ್ಷೇತ್ರದಲ್ಲಿ ಎರಡು ವರ್ಷ ಅನುಭವ ಇರುವವರೂ ಮೆಡಿಕಲ್ ಜೆನೆಟಿಸಿಸ್ಟ್ ಆಗಬಹುದು. ಹಾಗಾಗಿ ಎಲ್ಲೇ ಕಲಿತರೂ ಅನುಭವದ ಪತ್ರವನ್ನು ದಿನಾಂಕ ಸಮೇತ ಪಡೆದಿಡಿ.

ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರ. ಪಟ್ಟಿಯಲ್ಲಿರುವ ಕಾಯಿಲೆಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವುದು ಇಂಥ ಕೇಂದ್ರದ ಮೂಲಕವೇ. ಸ್ನಾಯು ಕಾಯಿಲೆಗಳಿಗೆ ನಿಮ್ಹಾನ್ಸ್. ಈ ಎರಡು ಕಡೆ ಯಾವ ವಾರ ಯಾವ ಕ್ಲಿನಿಕ್, ಯಾವ ಕಾಗದ ಬೇಕು ಎಂದು ಫೋನ್ ಮಾಡಿ ತಿಳಿದು, ಕುಟುಂಬದ ಕೈಗೆ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಟ್ಟು ಕಳಿಸಿ. ಮೊಳಕಾಲ್ಮುರಿನಿಂದ ರಾತ್ರಿ ಬಸ್ಸು ಹತ್ತಿದವರು ‘ಇವತ್ತು ಆ ಓಪಿಡಿ ಇಲ್ಲ’ ಎಂದು ಕೇಳಿ ಮರಳಿ ಬಂದರೆ ಎರಡನೇ ಸಲ ಹೋಗುವುದಿಲ್ಲ. ಥಲಸ್ಸೀಮಿಯಾ, ಕುಸುಮರೋಗ, ಸಿಕಲ್ ಸೆಲ್, ಸ್ನಾಯುಕ್ಷಯ ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಬರುತ್ತವೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಅದೇ ದಿನ ಹಾಕಿಸಿ.

ಕೊನೆಗೆ ಒಂದು ರಿಜಿಸ್ಟರ್ ಇಡಿ. ಕುಟುಂಬದ ಹೆಸರು, ಮಗುವಿನ ಕಾಯಿಲೆ ಖಚಿತವಾಗಿದೆಯೇ, ಡಿಎನ್‌ಎ ಯಾವ ಲ್ಯಾಬಿನಲ್ಲಿ ಯಾವ ನಂಬರಿನಲ್ಲಿದೆ, ತಾಯಿಯ ಫೋನ್ ನಂಬರ್, ಮುಂದಿನ ಮಗುವಿನ ಯೋಚನೆ ಇದೆಯೇ. ಫೋನ್ ನಂಬರ್ ಎರಡು ಬರೆದುಕೊಳ್ಳಿ, ಒಂದು ತವರಿನದು. ‘ಮುಟ್ಟು ತಪ್ಪಿದ ವಾರವೇ ನನಗೆ ಫೋನ್ ಮಾಡಿ, ಮೂರು ತಿಂಗಳು ತುಂಬಲಿ ಅಂತ ಕಾಯಬೇಡಿ’ ಎಂದು ತಾಯಿಗೆ ಹೇಳಿ, ಗಂಡನಿಗೂ ಹೇಳಿ. ಮೂರು ತಿಂಗಳು ಯಾರಿಗೂ ತಿಳಿಸಬಾರದೆಂಬ ರೂಢಿ ಎಷ್ಟೋ ಮನೆಗಳಲ್ಲಿದೆ, ವಿಲ್ಲಸ್ ಪರೀಕ್ಷೆಯ 11ನೇ ವಾರ ಅದರೊಳಗೇ ಬಂದು ಹೋಗುತ್ತದೆ.